ದೂರದ ಗೆಲಾಕ್ಸಿಗಳಲ್ಲಿ ನಕ್ಷತ್ರಗಳ ಉಬ್ಬರ: ಅಳೆಯುವುದು ಹೇಗೆ, ನಂಬುವುದು ಎಷ್ಟು?

ದೂರದ ಗೆಲಾಕ್ಸಿಯೊಂದು ಪತ್ತೆಯಾದ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಅಂಕಿಯೂ ಬರುತ್ತದೆ: ಅಲ್ಲಿ ವರ್ಷಕ್ಕೆ ಇಷ್ಟು ಸೂರ್ಯರ ತೂಕದಷ್ಟು ನಕ್ಷತ್ರಗಳು ಹುಟ್ಟುತ್ತಿವೆ. ನಮ್ಮ ಕ್ಷೀರಪಥಕ್ಕೆ ಈ ಅಂಕಿ ಒಂದರಿಂದ ಎರಡು. ಕೆಲವು ಗೆಲಾಕ್ಸಿಗಳಿಗೆ ಇಪ್ಪತ್ತು, ನೂರು. ಅಪರೂಪಕ್ಕೆ ಎರಡು ಸಾವಿರ ದಾಟಿದ್ದೂ ಉಂಟು. ಓದಿದವರು ಬೆರಗಾಗಿ ಮುಂದೆ ಹೋಗುತ್ತಾರೆ. ಈ ಅಂಕಿ ಬಂದದ್ದು ಹೇಗೆ, ಅದು ಯಾವ ಅವಧಿಯ ಲೆಕ್ಕ ಎಂದು ಕೇಳುವವರು ಕಡಿಮೆ. ಜೇಮ್ಸ್ ವೆಬ್ ದೂರದರ್ಶಕ ಕೆಲಸ ಶುರು ಮಾಡಿದಂದಿನಿಂದ ಖಗೋಳವಿಜ್ಞಾನದಲ್ಲಿ ನಡೆಯುತ್ತಿರುವ ಒಂದು ದೊಡ್ಡ ವಾದ ನಿಂತಿರುವುದು ಈ ಪ್ರಶ್ನೆಯ ಮೇಲೆಯೇ.

ಅಲ್ಲಿ ಯಾರೂ ನಕ್ಷತ್ರ ಎಣಿಸಿರುವುದಿಲ್ಲ. ಸಾವಿರ ಕೋಟಿ ಜ್ಯೋತಿರ್ವರ್ಷಗಳಾಚೆಯ ಗೆಲಾಕ್ಸಿ ಅತ್ಯುತ್ತಮ ಚಿತ್ರದಲ್ಲೂ ಕೆಲವೇ ಪಿಕ್ಸೆಲ್‌ಗಳ ಮಸುಕು. ಅದರಿಂದ ಸಿಗುವುದು ಬೆಳಕು ಮಾತ್ರ, ಅದೂ ಒಂದೇ ಒಂದು ಕ್ಷಣದ್ದು. ನಕ್ಷತ್ರಗಳು ಹುಟ್ಟುವ ವೇಗ ಏರಿಳಿಯಲು ಲಕ್ಷಾಂತರ ವರ್ಷ ಬೇಕು. ಮನುಷ್ಯ ಎಷ್ಟು ಕಾದರೂ ಅದು ಬದಲಾಗುವುದನ್ನು ಕಾಣಲಾರ. ಹಾಗಿರುವಾಗ ಈ ಒಂದು ಚಿತ್ರದಿಂದ ದರವನ್ನು ಹೇಳುವುದು ಹೇಗೆ? ಅದಕ್ಕೂ ಕಷ್ಟದ ಪ್ರಶ್ನೆ: ಆ ದರ ಇತ್ತೀಚೆಗೆ ಏರಿತೇ, ಇಳಿಯಿತೇ ಎಂದು ಹೇಳುವುದು ಹೇಗೆ?

ನಕ್ಷತ್ರಗಳ ಆಯುಷ್ಯವೇ ಗಡಿಯಾರ

ಉತ್ತರ ಇರುವುದು ನಕ್ಷತ್ರಗಳ ಆಯುಷ್ಯದಲ್ಲಿ. ಸೂರ್ಯ ಸುಮಾರು ಸಾವಿರ ಕೋಟಿ ವರ್ಷ ಬಾಳುತ್ತಾನೆ. ಸೂರ್ಯನ 8 ಪಟ್ಟು ತೂಕದ ನಕ್ಷತ್ರ ನಾಲ್ಕು ಕೋಟಿ ವರ್ಷದೊಳಗೆ ಮುಗಿಯುತ್ತದೆ. 40 ಪಟ್ಟು ತೂಕದ್ದು 50 ಲಕ್ಷ ವರ್ಷದ ಆಸುಪಾಸಿನಲ್ಲೇ ಉರಿದುಹೋಗುತ್ತದೆ. ಹೀಗಾಗಿ ಯಾವುದಾದರೂ ಗೆಲಾಕ್ಸಿಯಲ್ಲಿ ಭಾರೀ ನಕ್ಷತ್ರಗಳ ಗುರುತು ಕಂಡರೆ, ಅಲ್ಲಿ ಇತ್ತೀಚೆಗೆ ನಕ್ಷತ್ರಜನನ ನಡೆದಿದೆ ಎಂದೇ ಅರ್ಥ. ಬೇರೆ ಬೇರೆ ತೂಕದ ನಕ್ಷತ್ರಗಳು ಬೇರೆ ಬೇರೆ ಬೆಳಕನ್ನು ಹೊಮ್ಮಿಸುವುದರಿಂದ, ಒಂದೇ ಚಿತ್ರದೊಳಗೆ ಬೇರೆ ಬೇರೆ ವೇಗದ ಹಲವು ಗಡಿಯಾರಗಳು ಅಡಗಿರುತ್ತವೆ.

ಇವುಗಳಲ್ಲಿ ಅತಿ ಚುರುಕಿನದು ಎಚ್-ಆಲ್ಫಾ. ಸೂರ್ಯನಿಗಿಂತ ಹದಿನೈದಿಪ್ಪತ್ತು ಪಟ್ಟು ಹೆಚ್ಚು ತೂಕದ ನಕ್ಷತ್ರಗಳು ಎಷ್ಟು ಬಿಸಿಯೆಂದರೆ, ಅವುಗಳ ಬೆಳಕಿನ ದೊಡ್ಡ ಪಾಲು 91.2 ನ್ಯಾನೋಮೀಟರ್‌ಗಿಂತ ಕಿರಿದಾದ ತರಂಗಗಳಲ್ಲಿರುತ್ತದೆ. ಆ ಫೋಟಾನ್‌ಗಳು ಸುತ್ತಲಿನ ಜಲಜನಕದ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುತ್ತವೆ, ಅಂದರೆ ಅದನ್ನು ಅಯಾನೀಕರಿಸುತ್ತವೆ. ಎಲೆಕ್ಟ್ರಾನ್ ಮರಳಿ ಬಂದು ಮೆಟ್ಟಿಲುಮೆಟ್ಟಿಲಾಗಿ ಕೆಳಗಿಳಿಯುವಾಗ 656.3 ನ್ಯಾನೋಮೀಟರ್‌ನ ಕೆಂಪು ಬೆಳಕು ಹೊಮ್ಮುತ್ತದೆ, ಅದೇ ಎಚ್-ಆಲ್ಫಾ. ಬೆಳಕನ್ನು ತರಂಗಗಳಾಗಿ ಬಿಡಿಸಿದ ರೋಹಿತದಲ್ಲಿ ಅದು ಒಂದು ಗೆರೆಯಾಗಿ ಕಾಣುತ್ತದೆ. ಈ ಗೆರೆಯ ಪ್ರಖರತೆಯಿಂದ ಅಯಾನೀಕರಿಸುವ ಫೋಟಾನ್‌ಗಳು ಎಷ್ಟಿದ್ದವು ಎಂಬ ಲೆಕ್ಕ ಸಿಗುತ್ತದೆ, ಅದರಿಂದ ಭಾರೀ ನಕ್ಷತ್ರಗಳ ಲೆಕ್ಕ. ನಕ್ಷತ್ರಜನನ ನಿಂತು ಒಂದು ಕೋಟಿ ವರ್ಷ ಕಳೆದರೆ ಈ ಗೆರೆ ಹೆಚ್ಚುಕಡಿಮೆ ಆರಿಹೋಗಿರುತ್ತದೆ.

ಎರಡನೆಯ ಗಡಿಯಾರ ಅತಿನೇರಳೆ ಬೆಳಕು, ಮುಖ್ಯವಾಗಿ 150 ನ್ಯಾನೋಮೀಟರ್ ಸುತ್ತಲಿನದು. ಇದನ್ನು ಸೂಸುವವರಲ್ಲಿ ಅತಿ ಭಾರದ ನಕ್ಷತ್ರಗಳ ಜೊತೆಗೆ ನಡುವಿನ ತೂಕದವೂ ಸೇರುತ್ತವೆ. ಆದ್ದರಿಂದ ಇದರ ನೆನಪು ಉದ್ದ. ರಾಬರ್ಟ್ ಕೆನ್ನಿಕಟ್ ಮತ್ತು ನೀಲ್ ಇವಾನ್ಸ್ 2012ರಲ್ಲಿ ಬರೆದ ವಿಮರ್ಶಾ ಲೇಖನದಲ್ಲಿ ಈ ವ್ಯತ್ಯಾಸಕ್ಕೆ ಅಂಕಿಗಳಿವೆ. ನಕ್ಷತ್ರಗಳು ಒಂದೇ ಸಮನೆ ಹುಟ್ಟುತ್ತಿದ್ದರೆ, ಎಚ್-ಆಲ್ಫಾಕ್ಕೆ ಕಾರಣವಾದ ನಕ್ಷತ್ರಗಳ ಸರಾಸರಿ ವಯಸ್ಸು ಸುಮಾರು 30 ಲಕ್ಷ ವರ್ಷ, ಶೇ 90ರಷ್ಟು ಬೆಳಕು ಒಂದು ಕೋಟಿ ವರ್ಷದೊಳಗಿನವುಗಳದ್ದು. ಅತಿನೇರಳೆಯಲ್ಲಿ ಸರಾಸರಿ ವಯಸ್ಸು ಒಂದು ಕೋಟಿ ವರ್ಷ, ಶೇ 90ರ ಗಡಿ ಹತ್ತು ಕೋಟಿ ವರ್ಷ.

ಈ ಎರಡು ಗಡಿಯಾರಗಳನ್ನು ಪಕ್ಕಪಕ್ಕ ಇಟ್ಟಾಗಲೇ ಉಬ್ಬರ, ಅಂದರೆ ನಕ್ಷತ್ರಜನನದ ಹಠಾತ್ ಏರಿಕೆ, ಕಾಣುವುದು. ಒಂದು ಗೆಲಾಕ್ಸಿಯಲ್ಲಿ ಕಳೆದ 50 ಲಕ್ಷ ವರ್ಷದಲ್ಲಿ ಒಂದು ಕೋಟಿ ಸೂರ್ಯರ ತೂಕದಷ್ಟು ನಕ್ಷತ್ರಗಳು ಹುಟ್ಟಿವೆ, ಅದಕ್ಕೂ ಹಿಂದಿನ ಒಂಬತ್ತೂವರೆ ಕೋಟಿ ವರ್ಷ ಏನೂ ಹುಟ್ಟಿರಲಿಲ್ಲ ಎಂದುಕೊಳ್ಳಿ. 50 ಲಕ್ಷ ವರ್ಷದ ಕಿಟಕಿಯಲ್ಲಿ ನೋಡಿದರೆ ದರ ವರ್ಷಕ್ಕೆ ಎರಡು ಸೂರ್ಯರು. ಹತ್ತು ಕೋಟಿ ವರ್ಷದ ಕಿಟಕಿಯಲ್ಲಿ ನೋಡಿದರೆ ವರ್ಷಕ್ಕೆ ಒಬ್ಬ ಸೂರ್ಯನ ಹತ್ತನೇ ಒಂದು ಭಾಗ. ಗೆಲಾಕ್ಸಿ ಅದೇ, ದರದಲ್ಲಿ ಇಪ್ಪತ್ತು ಪಟ್ಟು ವ್ಯತ್ಯಾಸ, ಎರಡೂ ಸರಿ. ವಾಸ್ತವದಲ್ಲಿ ಅತಿನೇರಳೆ ಗಡಿಯಾರ ಹತ್ತು ಕೋಟಿ ವರ್ಷವನ್ನು ಸಮನಾಗಿ ಹಂಚಿ ಸರಾಸರಿ ತೆಗೆಯುವುದಿಲ್ಲ. ಹೊಸ ನಕ್ಷತ್ರಗಳ ಕಡೆಗೇ ಅದರ ಒಲವು. ಹಾಗಾಗಿ ಎರಡು ಗಡಿಯಾರಗಳ ನಡುವೆ ಅಳತೆಯಲ್ಲಿ ಕಾಣುವ ಅಂತರ ಇಪ್ಪತ್ತು ಪಟ್ಟಿಗಿಂತ ಬಹಳ ಚಿಕ್ಕದು. ಇದೇ ತೊಡಕಿನ ಮೂಲ. ಹುಡುಕುತ್ತಿರುವ ಗುರುತು ಎರಡು ಮೂರು ಪಟ್ಟಿನದು. ಅಷ್ಟೇ ದೊಡ್ಡ ವ್ಯತ್ಯಾಸ ತರಬಲ್ಲ ಬೇರೆ ಕಾರಣಗಳೂ ಹಲವಿವೆ.

ದಿಕ್ಕು ಮಾತ್ರ ಸ್ಪಷ್ಟ. ಅತಿನೇರಳೆಗೆ ಹೋಲಿಸಿದರೆ ಎಚ್-ಆಲ್ಫಾ ಜೋರಾಗಿದ್ದರೆ ಗೆಲಾಕ್ಸಿ ಏರುತ್ತಿದೆ, ಮಂಕಾಗಿದ್ದರೆ ಈಗಷ್ಟೇ ಇಳಿದಿದೆ. ನಮ್ಮ ನೆರೆಯ ಕುಬ್ಜ ಗೆಲಾಕ್ಸಿಗಳಲ್ಲಿ ಇದೇ ಅನುಪಾತವನ್ನು 2012ರಲ್ಲಿ ಡೇನಿಯಲ್ ವೈಸ್ ಮತ್ತು ಸಂಗಡಿಗರು ಪರಿಶೀಲಿಸಿದರು. ಅತಿ ಚಿಕ್ಕ ಗೆಲಾಕ್ಸಿಗಳಲ್ಲಿ ಉಬ್ಬರದ ದರ ಸಾಮಾನ್ಯ ದರದ ಸುಮಾರು 30 ಪಟ್ಟು, ಒಂದೊಂದು ಉಬ್ಬರ ಕೆಲವು ಕೋಟಿ ವರ್ಷ, ಎರಡು ಉಬ್ಬರಗಳ ನಡುವೆ ಸುಮಾರು 25 ಕೋಟಿ ವರ್ಷ ಎಂಬ ಮಾದರಿ ಅಲ್ಲಿನ ಹಂಚಿಕೆಗೆ ಚೆನ್ನಾಗಿ ಹೊಂದಿತು. ದೊಡ್ಡ ಗೆಲಾಕ್ಸಿಗಳಲ್ಲಿ ಇಂಥ ಅಬ್ಬರ ಇರಲಿಲ್ಲ.

ಚಿಕ್ಕವೇ ಯಾಕೆ ಉಬ್ಬುತ್ತವೆ? ನಕ್ಷತ್ರಜನನ ತನ್ನನ್ನೇ ತಡೆಯುವ ಕೆಲಸ. ಅನಿಲ ಕುಸಿದು ನಕ್ಷತ್ರಗಳಾಗುತ್ತದೆ. ಅವುಗಳಲ್ಲಿ ಭಾರವಾದವು ಮೂರ್ನಾಲ್ಕು ದಶಲಕ್ಷ ವರ್ಷಗಳ ನಂತರ ಒಂದೊಂದಾಗಿ ಸಿಡಿದು ಸೂಪರ್‌ನೋವಾ ಆಗತೊಡಗಿ, ಉಳಿದ ಅನಿಲವನ್ನು ಕಾಯಿಸಿ ಹೊರಗೆ ತಳ್ಳುತ್ತವೆ. ದೊಡ್ಡ ಗೆಲಾಕ್ಸಿಯ ಗುರುತ್ವ ಬಲವಾಗಿರುವುದರಿಂದ ಅನಿಲ ಹೆಚ್ಚು ದೂರ ಹೋಗುವುದಿಲ್ಲ. ಚಿಕ್ಕದರಲ್ಲಿ ಇಡೀ ಗೆಲಾಕ್ಸಿಯ ಅನಿಲವೇ ಖಾಲಿಯಾಗಬಹುದು. ಮತ್ತೆ ಅದು ತಣ್ಣಗಾಗಿ ಒಳಗೆ ಸುರಿಯುವವರೆಗೆ ಜನನ ಸ್ಥಗಿತ. ತಡೆ ತಕ್ಷಣ ಬರದೆ ತಡವಾಗಿ ಬರುವುದೇ ಈ ಏರಿಳಿತದ ಗುಟ್ಟು. ವಿಶ್ವದ ಮೊದಲ ನೂರು ಕೋಟಿ ವರ್ಷಗಳಲ್ಲಿ ಬಹುತೇಕ ಗೆಲಾಕ್ಸಿಗಳು ಚಿಕ್ಕವೇ, ಅನಿಲ ದಟ್ಟ, ಹೊರಗಿನಿಂದ ಬರುವ ಸರಬರಾಜೂ ಜೋರು. ಹೀಗಾಗಿ ಆ ಕಾಲದಲ್ಲಿ ಉಬ್ಬರಗಳೇ ಸಾಮಾನ್ಯ ಸ್ಥಿತಿಯಾಗಿದ್ದಿರಬೇಕು ಎಂದು ಕಂಪ್ಯೂಟರ್ ಅನುಕರಣೆಗಳು ವೆಬ್‌ಗೂ ಮೊದಲೇ ಹೇಳುತ್ತಿದ್ದವು.

ಹೆಚ್ಚಾದ ಬೆಳಕಿನ ಸಮಸ್ಯೆ

ವೆಬ್ 2021ರ ಡಿಸೆಂಬರ್ 25ರಂದು ಹಾರಿತು, 2022ರ ಜುಲೈನಲ್ಲಿ ಮೊದಲ ಚಿತ್ರಗಳನ್ನು ಕೊಟ್ಟಿತು. ಕೆಲವೇ ವಾರಗಳಲ್ಲಿ ಒಂದು ಮುಜುಗರ ಎದುರಾಯಿತು. ಮಹಾಸ್ಫೋಟದ ನಂತರದ ಮೊದಲ 50 ಕೋಟಿ ವರ್ಷಗಳಲ್ಲಿ ಪ್ರಕಾಶಮಾನ ಗೆಲಾಕ್ಸಿಗಳು ನಿರೀಕ್ಷೆಗಿಂತ ಹೆಚ್ಚು ಸಿಗತೊಡಗಿದವು. ಅವುಗಳಲ್ಲಿ ಕೆಲವನ್ನು ರೋಹಿತವೂ ದೃಢಪಡಿಸಿತು. ಜೇಡ್ಸ್-ಜಿಎಸ್-ಝಡ್14-0 ಎಂಬ ಗೆಲಾಕ್ಸಿಯ ಕೆಂಪುಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕಿನ ತರಂಗ ಎಷ್ಟು ಉದ್ದವಾಗಿದೆ ಎಂಬ ಅಳತೆ; ಅಂಕಿ ಹೆಚ್ಚಿದಷ್ಟೂ ಗೆಲಾಕ್ಸಿ ದೂರದ್ದು, ಹಿಂದಿನ ಕಾಲದ್ದು) 14.32 ಎಂದು 2024ರಲ್ಲಿ ಪ್ರಕಟವಾಯಿತು; ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕ ಅದೇ ಗೆಲಾಕ್ಸಿಯಲ್ಲಿ ಆಮ್ಲಜನಕದ ಗೆರೆ ಹಿಡಿದು ಅಂಕಿಯನ್ನು 14.18ಕ್ಕೆ ತಿದ್ದಿತು. ಮಹಾಸ್ಫೋಟವಾಗಿ 30 ಕೋಟಿ ವರ್ಷವೂ ತುಂಬಿರದ ಕಾಲದ ಬೆಳಕು ಅದು. ಅಷ್ಟರಲ್ಲೇ ಅದು ಸುಮಾರು 1,600 ಜ್ಯೋತಿರ್ವರ್ಷ ಅಗಲಕ್ಕೆ ಬೆಳೆದು, ಆಮ್ಲಜನಕ ತಯಾರಿಸುವಷ್ಟು ನಕ್ಷತ್ರಗಳನ್ನು ಹುಟ್ಟಿಸಿ ಸಾಯಿಸಿಯೂ ಆಗಿತ್ತು.

ವಿಶ್ವದ ಬಗೆಗಿನ ನಮ್ಮ ಮಾದರಿಯೇ ಮುರಿಯಿತು ಎಂಬ ತಲೆಬರಹಗಳು ಆಗ ಧಾರಾಳವಾಗಿ ಬಂದವು. ಅಷ್ಟು ದೂರ ಹೋಗುವ ಅಗತ್ಯ ಇರಲಿಲ್ಲ. ಬೆಳಕನ್ನು ನಕ್ಷತ್ರಗಳಾಗಿ, ನಕ್ಷತ್ರಗಳನ್ನು ಅವನ್ನು ಹಿಡಿದಿಟ್ಟಿರುವ ಡಾರ್ಕ್ ಮ್ಯಾಟರ್‌ನ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ತಿಳಿಯುವ ದ್ರವ್ಯದ) ಗುಡ್ಡೆಗಳಾಗಿ ಅನುವಾದಿಸುವ ಸರಪಳಿಯಲ್ಲಿ ಯಾವ ಕೊಂಡಿಯಾದರೂ ಸಡಿಲವಿರಬಹುದು. ಆಗ ಅನಿಲ ನಕ್ಷತ್ರವಾಗುವ ದಕ್ಷತೆಯೇ ಹೆಚ್ಚಿತ್ತು ಎಂದು ಒಂದು ಗುಂಪು ಹೇಳಿತು. ಅವಿಶಾಯ್ ಡೆಕೆಲ್ ಮತ್ತು ಸಂಗಡಿಗರ ವಾದದಂತೆ, ಒಂದು ಘನ ಸೆಂಟಿಮೀಟರಿಗೆ ಸಾವಿರಾರು ಪರಮಾಣುಗಳಷ್ಟು ದಟ್ಟವಾದ ಅನಿಲ ಹತ್ತು ಲಕ್ಷ ವರ್ಷದಲ್ಲೇ ಕುಸಿದು ಮುಗಿಯುತ್ತದೆ. ಸೂಪರ್‌ನೋವಾ ಶುರುವಾಗುವ ಹೊತ್ತಿಗೆ ತಳ್ಳಲು ಅನಿಲವೇ ಉಳಿದಿರುವುದಿಲ್ಲ. ಇನ್ನು ಕೆಲವರ ಪ್ರಕಾರ ಧೂಳು ಇನ್ನೂ ಬೆಳಕನ್ನು ಮರೆಮಾಡುವಷ್ಟು ಸೇರಿರಲಿಲ್ಲ. ಭಾರೀ ನಕ್ಷತ್ರಗಳ ಪಾಲು ಆಗ ಹೆಚ್ಚಿದ್ದಿರಬಹುದು ಎಂಬುದು ಮತ್ತೊಂದು ವಾದ.

ನಾಲ್ಕನೆಯದು ಉಬ್ಬರ. ಇದರ ಸೊಗಸೆಂದರೆ, ಸರಾಸರಿ ದಕ್ಷತೆಯನ್ನು ಮುಟ್ಟದೆಯೇ ಲೆಕ್ಕ ಹೊಂದಿಸಿಬಿಡುತ್ತದೆ. ಒಂದು ಕಲ್ಪಿತ ಉದಾಹರಣೆ: ಆಕಾಶದ ಒಂದು ತುಣುಕಿನಲ್ಲಿ ಸದಾ ಪ್ರಕಾಶಮಾನವಾಗಿರುವ ದೊಡ್ಡ ಗೆಲಾಕ್ಸಿಗಳು ಹತ್ತು, ಚಿಕ್ಕವು ಸಾವಿರ. ಪ್ರತಿ ಚಿಕ್ಕ ಗೆಲಾಕ್ಸಿಯೂ ತನ್ನ ಬಾಳಿನ ಐವತ್ತನೇ ಒಂದು ಪಾಲು ಕಾಲ ಉಬ್ಬಿ ದೊಡ್ಡದರಷ್ಟೇ ಬೆಳಗುತ್ತದೆ ಎಂದಾದರೆ, ಯಾವ ಕ್ಷಣದಲ್ಲಿ ನೋಡಿದರೂ ಇಪ್ಪತ್ತು ಚಿಕ್ಕವು ಹಾಗೆ ಬೆಳಗುತ್ತಿರುತ್ತವೆ. ಎಣಿಸಿದವರಿಗೆ ಮೂವತ್ತು ಪ್ರಕಾಶಮಾನ ಗೆಲಾಕ್ಸಿಗಳು ಸಿಗುತ್ತವೆ, ಅವುಗಳಲ್ಲಿ ಮೂರನೇ ಎರಡು ಪಾಲು ನಿಜಕ್ಕೂ ಚಿಕ್ಕವು. ದೂರ ಹೋದಷ್ಟೂ ದೊಡ್ಡವು ವಿರಳವಾಗಿ, ಈ ಚಿಕ್ಕವುಗಳ ಪಾಲು ಇನ್ನೂ ಹೆಚ್ಚುತ್ತದೆ.

ನನ್ನ ಮಟ್ಟಿಗೆ ಈ ವಿವರಣೆಯಲ್ಲಿ ಸತ್ಯಾಂಶ ಇರುವುದು ಖಚಿತ, ಅದರ ಪಾಲೆಷ್ಟು ಎಂಬುದಷ್ಟೇ ಜಗಳ. ಒಂದು ಅನುಮಾನವೂ ಇದೆ. ಏರಿಳಿತದ ಪ್ರಮಾಣವನ್ನು ಬೇಕಾದಷ್ಟು ಹಿಗ್ಗಿಸಲು ಬಿಟ್ಟರೆ, ಎಣಿಕೆಯಲ್ಲಿ ಬರುವ ಯಾವ ಹೆಚ್ಚಳವನ್ನಾದರೂ ಅದರ ತಲೆಗೆ ಕಟ್ಟಬಹುದು. ಹಾಗಾಗಿ ಎಣಿಕೆ ಬಿಟ್ಟು ಬೇರೆ ದಾರಿಯಿಂದ ಉಬ್ಬರವನ್ನು ಅಳೆದು ತೋರಿಸದೆ ಈ ವಾದಕ್ಕೆ ತೂಕ ಬರುವುದಿಲ್ಲ.

ಅನುಪಾತ ಎಲ್ಲಿ ಕೈಕೊಡುತ್ತದೆ

ಆ ಬೇರೆ ದಾರಿ ಎಂದರೆ ಮತ್ತೆ ಎಚ್-ಆಲ್ಫಾ ಮತ್ತು ಅತಿನೇರಳೆಯ ಅನುಪಾತವೇ. ಅದರ ಮೊದಲ ಶತ್ರು ಧೂಳು. ಧೂಳು ಅತಿನೇರಳೆಯನ್ನು ಹೆಚ್ಚು ನುಂಗುತ್ತದೆ, ಕೆಂಪನ್ನು ಕಡಿಮೆ. ಧೂಳು ತುಂಬಿದ, ಒಂದೇ ಸಮನೆ ನಕ್ಷತ್ರ ಹುಟ್ಟಿಸುವ ಶಾಂತ ಗೆಲಾಕ್ಸಿಯೂ ಹೀಗೆ ಉಬ್ಬರದ ವೇಷ ಹಾಕಬಲ್ಲದು. ಇದಕ್ಕೆ ಒಂದು ಚೊಕ್ಕ ಪರೀಕ್ಷೆ ಇದೆ. ಜಲಜನಕದ ಇನ್ನೊಂದು ಗೆರೆ, 486.1 ನ್ಯಾನೋಮೀಟರ್‌ನ ಎಚ್-ಬೀಟಾ. ಹತ್ತು ಸಾವಿರ ಡಿಗ್ರಿಯ ಅನಿಲದಲ್ಲಿ ಎಚ್-ಆಲ್ಫಾ ಎಚ್-ಬೀಟಾದ 2.86 ಪಟ್ಟು ಇರಬೇಕೆಂದು ಪರಮಾಣು ಭೌತಶಾಸ್ತ್ರ ಹೇಳುತ್ತದೆ. ಅಳತೆಯಲ್ಲಿ ನಾಲ್ಕು ಬಂದರೆ, ನಡುವೆ ಧೂಳಿದೆ. ಎಷ್ಟಿದೆ ಎಂಬುದನ್ನೂ ಅಂದಾಜಿಸಬಹುದು. ಆದರೆ ಈ ತಿದ್ದುಪಡಿ ಅನಿಲದ ಮೋಡಗಳ ಮುಂದಿನ ಧೂಳಿಗೆ ಅನ್ವಯಿಸುತ್ತದೆ. ಅತಿನೇರಳೆ ಬರುವುದು ನಕ್ಷತ್ರಗಳಿಂದ, ಅವುಗಳಲ್ಲಿ ಎಷ್ಟೋ ತಮ್ಮ ಹುಟ್ಟಿದ ಮೋಡದಿಂದ ಹೊರಬಂದಿರುತ್ತವೆ. ಎರಡೂ ಬೆಳಕುಗಳಿಗೆ ಒಂದೇ ಧೂಳಿನ ಪರದೆ ಎಂದು ಭಾವಿಸಿದರೆ ಒಂದು ಉತ್ತರ, ಬೇರೆ ಬೇರೆ ಎಂದರೆ ಇನ್ನೊಂದು. ನೆರೆಯ ಉಬ್ಬರ ಗೆಲಾಕ್ಸಿಗಳಲ್ಲಿ ಪಳಗಿದ ಸೂತ್ರವನ್ನೇ ಹಲವರು ದೂರದವಕ್ಕೂ ಹಚ್ಚುತ್ತಾರೆ. ಅಲ್ಲಿನ ಧೂಳು ಇಲ್ಲಿನದರಂತೆಯೇ ಇರಬೇಕೆಂಬ ನಿಯಮವೇನಿಲ್ಲ.

ಎರಡನೆಯದು ಸೋರಿಕೆ. ಅಯಾನೀಕರಿಸುವ ಫೋಟಾನ್ ಪ್ರತಿಯೊಂದೂ ಗೆಲಾಕ್ಸಿಯೊಳಗೇ ಜಲಜನಕಕ್ಕೆ ಡಿಕ್ಕಿ ಹೊಡೆಯುತ್ತದೆ ಎಂಬುದು ಎಚ್-ಆಲ್ಫಾ ಲೆಕ್ಕದ ಬುನಾದಿ. ತಪ್ಪಿಸಿಕೊಂಡು ಹೊರಗೆ ಹೋದದ್ದು ಎಚ್-ಆಲ್ಫಾ ಆಗುವುದಿಲ್ಲ. ವಿಶ್ವದಲ್ಲಿ ಗೆಲಾಕ್ಸಿಗಳ ನಡುವಿನ ಜಲಜನಕವೆಲ್ಲ ಮೊದಲ ನೂರು ಕೋಟಿ ವರ್ಷಗಳಲ್ಲಿ ಅಯಾನುಗಳಾದದ್ದು ಇಂಥ ಸೋರಿಕೆಯಿಂದಲೇ ಎಂದು ಬಹುತೇಕರ ಒಪ್ಪಿಗೆ ಇರುವಾಗ, ಅದು ಸೊನ್ನೆ ಎಂದು ಊಹಿಸುವಂತಿಲ್ಲ. ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಕೆಂಪುಪಲ್ಲಟ 1.42ರ ಒಂದು ಗೆಲಾಕ್ಸಿಯಿಂದ ಇಂಥ ಫೋಟಾನ್‌ಗಳು ಹೊರಬರುವುದನ್ನು ನೇರವಾಗಿ ಹಿಡಿದ ವರದಿ 2020ರಲ್ಲಿ ಬಂತು. ಆದರೆ ಅತಿ ದೂರದ ಗೆಲಾಕ್ಸಿಗಳಲ್ಲಿ ಇದನ್ನು ನೇರವಾಗಿ ನೋಡುವುದು ಅಸಾಧ್ಯ; ದಾರಿಯಲ್ಲಿರುವ ಜಲಜನಕವೇ ಅದನ್ನೆಲ್ಲ ಹೀರಿಬಿಡುತ್ತದೆ. ಎಚ್-ಆಲ್ಫಾ ಮಂಕಾದ ಗೆಲಾಕ್ಸಿ ಇಳಿತದಲ್ಲಿದೆಯೋ, ಸೋರುತ್ತಿದೆಯೋ? ಅನುಪಾತವೊಂದನ್ನೇ ಹಿಡಿದು ಹೇಳಲಾಗದು. ಇನ್ನೂ ಕೆಟ್ಟದ್ದೆಂದರೆ ಎರಡಕ್ಕೂ ನಂಟಿದೆ. ಉಬ್ಬರದ ನಂತರದ ಸೂಪರ್‌ನೋವಾಗಳು ಅನಿಲದಲ್ಲಿ ತೂತು ಕೊರೆದಾಗಲೇ ಸೋರಿಕೆ ಹೆಚ್ಚುವುದು.

ಮೂರನೆಯದು ನಕ್ಷತ್ರಗಳದೇ ತಕರಾರು. ಸೂರ್ಯನ 8 ಪಟ್ಟು ಮೀರಿದ ನಕ್ಷತ್ರಗಳು ಎಣಿಕೆಯಲ್ಲಿ ನೂರಕ್ಕೆ ಒಂದೂ ಇರುವುದಿಲ್ಲ. ಆ ಒಂದನ್ನು ಕಂಡು ಉಳಿದ ತೊಂಬತ್ತೊಂಬತ್ತನ್ನು ಊಹಿಸುತ್ತೇವೆ. ಯಾವ ತೂಕದವು ಎಷ್ಟು ಹುಟ್ಟುತ್ತವೆ ಎಂಬ ಹಂಚಿಕೆಗೆ 1955ರ ಸಾಲ್ಪೀಟರ್ ಸೂತ್ರ ಬಳಸುವುದೋ, ಈ ಶತಮಾನದ ಆರಂಭದ ಕ್ರೂಪಾ ಅಥವಾ ಚಾಬ್ರಿಯರ್ ಸೂತ್ರ ಬಳಸುವುದೋ ಎಂಬುದರಿಂದಲೇ ದರ ಸುಮಾರು ಒಂದೂವರೆ ಪಟ್ಟು ಬದಲಾಗುತ್ತದೆ. ಜೋಡಿ ನಕ್ಷತ್ರಗಳು ಒಂದರಿಂದ ಒಂದು ದ್ರವ್ಯ ಕಸಿದುಕೊಂಡು ತಮ್ಮ ಬಿಸಿಯ ಕಾಲವನ್ನು ಲಂಬಿಸುವುದರಿಂದ ಎಚ್-ಆಲ್ಫಾ ಗಡಿಯಾರ ಒಂದಿಷ್ಟು ನಿಧಾನವಾಗುತ್ತದೆ. ಭಾರಧಾತುಗಳು ಕಡಿಮೆಯಿರುವ ನಕ್ಷತ್ರ ಹೆಚ್ಚು ಬಿಸಿ. ಇವೆಲ್ಲ ಸಣ್ಣಪುಟ್ಟವು. ಆದರೆ ಹುಡುಕುತ್ತಿರುವ ಗುರುತೂ ಅಷ್ಟೇ ಸಣ್ಣದು.

ಉಪಕರಣದ್ದೂ ಒಂದು ಪಾಲಿದೆ. ವೆಬ್‌ನ ನಿಯರ್‌ಸ್ಪೆಕ್ ರೋಹಿತದರ್ಶಕದಲ್ಲಿ ಸುಮಾರು ಎರಡೂವರೆ ಲಕ್ಷ ಪುಟಾಣಿ ಕಿಂಡಿಗಳಿವೆ, ಒಂದೊಂದರ ಅಗಲ 0.2 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್). ಅದು ಗೆಲಾಕ್ಸಿಯ ಒಂದು ತುಣುಕನ್ನಷ್ಟೇ ನೋಡುತ್ತದೆ. ಕ್ಯಾಮೆರಾ ಇಡೀ ಗೆಲಾಕ್ಸಿಯನ್ನು ನೋಡುತ್ತದೆ. ಗೆರೆಯನ್ನು ಕಿಂಡಿಯಿಂದ, ಅತಿನೇರಳೆಯನ್ನು ಚಿತ್ರದಿಂದ ತೆಗೆದುಕೊಂಡು ಭಾಗಿಸಿದರೆ ಬರುವ ಅನುಪಾತದಲ್ಲಿ ಉಬ್ಬರದಷ್ಟೇ ಕಿಂಡಿಯ ಕೈವಾಡವೂ ಇರಬಹುದು. ಕಿಂಡಿ ಬಿದ್ದದ್ದು ನಕ್ಷತ್ರಗಳು ದಟ್ಟವಾಗಿ ಹುಟ್ಟುತ್ತಿರುವ ಜಾಗದ ಮೇಲೋ, ಅಂಚಿನ ಮೇಲೋ ಎಂಬುದರ ಮೇಲೆ ಅದು ಅವಲಂಬಿಸಿದೆ.

ಧೂಳಿನ ಆಚೆ

ಧೂಳಿನೊಂದಿಗೆ ಕಾದಾಡುವ ಬದಲು ಅದರ ಬೆಳಕನ್ನೇ ಅಳೆಯುವ ದಾರಿಯೂ ಇದೆ. ನಕ್ಷತ್ರಗಳು ಇಲ್ಲಿಯವರೆಗೆ ಸೂಸಿದ ಬೆಳಕಿನಲ್ಲಿ ಹತ್ತಿರಹತ್ತಿರ ಅರ್ಧವನ್ನು ಧೂಳು ನುಂಗಿ, ದೂರದ ಅವಕೆಂಪಿನಲ್ಲಿ ಮರಳಿ ಕೊಟ್ಟಿದೆ. ಹವಾಯಿಯ ಮೌನಾ ಕೀ ಮೇಲಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕಕ್ಕೆ ಅಳವಡಿಸಿದ ಸ್ಕೂಬಾ ಕ್ಯಾಮೆರಾ 1990ರ ದಶಕದ ಕೊನೆಯಲ್ಲಿ 850 ಮೈಕ್ರಾನ್ ತರಂಗದಲ್ಲಿ ಹಬಲ್ ಡೀಪ್ ಫೀಲ್ಡ್ ಎಂಬ ಪ್ರಸಿದ್ಧ ಆಕಾಶತುಣುಕನ್ನು ನೋಡಿದಾಗ, ಅಲ್ಲಿನ ಅತಿ ಪ್ರಖರ ಮೂಲ ಹಬಲ್‌ನ ಚಿತ್ರದಲ್ಲಿ ಕಾಣುತ್ತಲೇ ಇರಲಿಲ್ಲ. ಎಚ್‌ಡಿಎಫ್850.1 ಎಂಬ ಆ ಗೆಲಾಕ್ಸಿಯ ದೂರ ತಿಳಿದದ್ದು 2012ರಲ್ಲಿ, ಕೆಂಪುಪಲ್ಲಟ 5.18. ಈ ತರಂಗದಲ್ಲಿ ಒಂದು ಅನುಕೂಲವೂ ಇದೆ: ಗೆಲಾಕ್ಸಿ ದೂರವಾದಷ್ಟೂ ಅದರ ಧೂಳಿನ ಬೆಳಕಿನ ಹೆಚ್ಚು ಪ್ರಖರ ಭಾಗ ನಮ್ಮ ಕಿಟಕಿಗೆ ಸರಿದು ಬರುವುದರಿಂದ, ದೂರದಿಂದಾದ ನಷ್ಟ ಬಹುಪಾಲು ತುಂಬಿಕೊಳ್ಳುತ್ತದೆ.

ಹರ್ಷೆಲ್ ಬಾಹ್ಯಾಕಾಶ ದೂರದರ್ಶಕದ ಸಮೀಕ್ಷೆಯಲ್ಲಿ ಸಿಕ್ಕ ಎಚ್‌ಎಫ್‌ಎಲ್‌ಎಸ್3 ಎಂಬ ಗೆಲಾಕ್ಸಿ ಈ ಬಗೆಯ ಅಳತೆಯ ಶಕ್ತಿ, ಮಿತಿ ಎರಡನ್ನೂ ತೋರುತ್ತದೆ. ಕೆಂಪುಪಲ್ಲಟ 6.34ರ ಅದರಲ್ಲಿ ವರ್ಷಕ್ಕೆ ಸುಮಾರು 2,900 ಸೂರ್ಯರಷ್ಟು ನಕ್ಷತ್ರಗಳು ಹುಟ್ಟುತ್ತಿವೆ ಎಂದು 2013ರಲ್ಲಿ ವರದಿಯಾಗಿತ್ತು. ವೆಬ್ ಅದನ್ನೇ ಹತ್ತಿರದಿಂದ ನೋಡಿದಾಗ ಕಂಡದ್ದು ಒಂದು ದೈತ್ಯ ಗೆಲಾಕ್ಸಿಯ ಬದಲು ಹಲವು ಗೆಲಾಕ್ಸಿಗಳ ಗುಂಪು. ಜೊತೆಗೆ ನಡುವಿನ ಗೆಲಾಕ್ಸಿಗಳ ಗುರುತ್ವ ಮಸೂರವಾಗಿ ಬೆಳಕನ್ನು ಒಂದಿಷ್ಟು ಹಿಗ್ಗಿಸಿತ್ತು. ಅವಕೆಂಪು ಗಡಿಯಾರಕ್ಕೆ ಇನ್ನೊಂದು ದೋಷ: ಉಬ್ಬರ ನಿಂತ ಮೇಲೂ ಉಳಿದ ನಕ್ಷತ್ರಗಳು ಧೂಳನ್ನು ಕಾಯಿಸುತ್ತಲೇ ಇರುತ್ತವೆ. ಇಳಿತದಲ್ಲಿರುವ ಗೆಲಾಕ್ಸಿಯನ್ನು ಅದು ಉಬ್ಬರದಲ್ಲಿದೆ ಎಂದೇ ತೋರಿಸುತ್ತದೆ.

ಹೊಸಬರ ಪ್ರಖರತೆಯಲ್ಲಿ ಹಳಬರು ಮಾಯ

ಈಗಿನ ಬಹುಪಾಲು ಅಳತೆಗಳು ಒಂದೊಂದೇ ಗಡಿಯಾರವನ್ನು ನೆಚ್ಚುವುದಿಲ್ಲ. ಗೆಲಾಕ್ಸಿಯ ಎಲ್ಲ ತರಂಗಗಳ ಬೆಳಕನ್ನೂ ಒಟ್ಟಿಗೆ ತೆಗೆದುಕೊಂಡು, ಲಕ್ಷಾಂತರ ಕಲ್ಪಿತ ಇತಿಹಾಸಗಳ ಜೊತೆ ತಾಳೆ ನೋಡಿ, ಹೊಂದುವುದನ್ನು ಆರಿಸುತ್ತವೆ. ಪ್ರಾಸ್ಪೆಕ್ಟರ್, ಬ್ಯಾಗ್‌ಪೈಪ್ಸ್ ಮುಂತಾದ ತಂತ್ರಾಂಶಗಳು ಇದಕ್ಕಾಗಿಯೇ ಇವೆ. ಫಲಿತಾಂಶ ಬರುವುದು ಅಚ್ಚುಕಟ್ಟಾದ ರೇಖಾಚಿತ್ರವಾಗಿ: ಇಂತಿಷ್ಟು ವರ್ಷಗಳ ಹಿಂದೆ ದರ ಇಷ್ಟು, ಆಮೇಲೆ ಏರಿತು, ಹೀಗೆ ಇಳಿಯಿತು. ಆ ರೇಖೆಯನ್ನು ನೋಡುವಾಗ ಎಚ್ಚರ ಬೇಕು.

ಹೊಸ ನಕ್ಷತ್ರಗಳ ಗುಂಪು ಅಷ್ಟೇ ತೂಕದ ಹಳೆಯ ಗುಂಪಿಗಿಂತ ಹತ್ತಾರು ಪಟ್ಟು ಪ್ರಖರ. ಉಬ್ಬರದಲ್ಲಿರುವ ಗೆಲಾಕ್ಸಿಯಲ್ಲಿ ಹಳೆಯ ನಕ್ಷತ್ರಗಳು ತೂಕದಲ್ಲಿ ಎಷ್ಟೇ ಹೆಚ್ಚಿರಲಿ, ಬೆಳಕಿನಲ್ಲಿ ಅಳಿಸಿಹೋಗುತ್ತವೆ. ವೆಬ್‌ನ ಮೊದಲ ಚಿತ್ರಗಳಲ್ಲಿದ್ದ ಕೆಂಪುಪಲ್ಲಟ 5ರಿಂದ 9ರ ಕೆಲವು ಗೆಲಾಕ್ಸಿಗಳನ್ನು ಪಿಕ್ಸೆಲ್ ಪಿಕ್ಸೆಲ್ ಆಗಿ ಬಿಡಿಸಿ ಲೆಕ್ಕ ಹಾಕಿದಾಗ, ಒಟ್ಟಾರೆ ಬೆಳಕಿನಿಂದ ಅಂದಾಜಿಸಿದ್ದಕ್ಕಿಂತ ಮೂರರಿಂದ ಹತ್ತು ಪಟ್ಟು ಹೆಚ್ಚು ತೂಕ ಬಂತು. ಅಂದರೆ ಉಬ್ಬರಕ್ಕೆ ಮೊದಲು ಅಲ್ಲೇನಿತ್ತು ಎಂಬುದನ್ನು ಉಬ್ಬರವೇ ಮುಚ್ಚಿಹಾಕಿತ್ತು. ಬೆಳಕಿನಲ್ಲಿ ಮಾಹಿತಿ ಇಲ್ಲದ ಕಡೆ ತಂತ್ರಾಂಶ ತುಂಬುವುದು, ಬಳಸುವವರು ಮೊದಲೇ ಕೊಟ್ಟ ಊಹೆಯನ್ನು. ದರ ನಿಧಾನ ಬದಲಾಗುತ್ತದೆ ಎಂದು ಊಹೆ ಕೊಟ್ಟವರಿಗೆ ನಯವಾದ ಇತಿಹಾಸ ಸಿಗುತ್ತದೆ, ಜಿಗಿಯಲು ಬಿಟ್ಟವರಿಗೆ ಉಬ್ಬರಗಳು ಸಿಗುತ್ತವೆ. ಪ್ರಬಂಧಗಳಲ್ಲಿ ಇದನ್ನು ಸಾಮಾನ್ಯವಾಗಿ ಪ್ರಾಮಾಣಿಕವಾಗಿಯೇ ಬರೆದಿರುತ್ತಾರೆ; ಪತ್ರಿಕಾ ಪ್ರಕಟಣೆಗೆ ಬರುವ ಹೊತ್ತಿಗೆ ಅದು ಉದುರಿರುತ್ತದೆ.

ಗೆರೆಗಳ ಪ್ರಖರತೆ ದೂರದ ಅಂದಾಜನ್ನೂ ಕೆಡಿಸಬಲ್ಲದು. ಸೀರ್ಸ್-93316 ಎಂಬ ಗೆಲಾಕ್ಸಿ ಬಣ್ಣಗಳ ಆಧಾರದ ಮೇಲೆ ಕೆಂಪುಪಲ್ಲಟ 16ರ ಸುಮಾರಿನದು, ಆವರೆಗಿನ ದಾಖಲೆಗಳನ್ನೆಲ್ಲ ಮುರಿಯುವಂಥದ್ದು ಎನಿಸಿತ್ತು. ರೋಹಿತ ತೆಗೆದಾಗ ಸಿಕ್ಕದ್ದು 4.9. ಎಚ್-ಆಲ್ಫಾ ಮತ್ತು ಆಮ್ಲಜನಕದ ಜೋರಾದ ಗೆರೆಗಳು ಕ್ಯಾಮೆರಾದ ಕೆಲವು ಬಣ್ಣದ ಫಿಲ್ಟರ್‌ಗಳಲ್ಲಿ ಬಿದ್ದು, ಧೂಳಿನ ಕೆಂಪಿನೊಂದಿಗೆ ಸೇರಿ, ಅತಿ ದೂರದ ಗೆಲಾಕ್ಸಿಯ ಬಣ್ಣವನ್ನು ಅಣಕಿಸಿದ್ದವು.

ಕಾಣದವುಗಳ ಲೆಕ್ಕ

ಉಬ್ಬರದ ಕಥೆ ನಿಜವಾದರೆ ಅದಕ್ಕೊಂದು ತಪ್ಪಿಸಿಕೊಳ್ಳಲಾಗದ ಪರಿಣಾಮ ಇದೆ: ಉಬ್ಬಿದ ಪ್ರತಿ ಗೆಲಾಕ್ಸಿಗೆ ಇಳಿತದಲ್ಲಿರುವ ಹಲವು ಜೊತೆಗಾರರು ಇರಲೇಬೇಕು. ಆದರೆ ಸಮೀಕ್ಷೆಗಳು ಆರಿಸುವುದು ಪ್ರಕಾಶಮಾನವಾದವನ್ನು. ರಾತ್ರಿ ದೂರದ ಬೆಟ್ಟದಿಂದ ಊರೊಂದನ್ನು ನೋಡಿ, ದೀಪ ಉರಿಯುತ್ತಿರುವ ಮನೆಗಳನ್ನಷ್ಟೇ ಎಣಿಸಿ ಊರಲ್ಲಿ ಎಷ್ಟು ಮನೆಗಳಿವೆ ಎಂದು ಹೇಳುವಂತಾಗಿದೆ ಪರಿಸ್ಥಿತಿ. ನಾವು ಅಳೆಯುವ ಸರಾಸರಿ ದರ ಉಬ್ಬರದ ಕಡೆಗೆ ವಾಲಿರುತ್ತದೆ, ಅಳೆಯುವ ಏರಿಳಿತ ನಿಜವಾದದ್ದಕ್ಕಿಂತ ಕಡಿಮೆ ಕಾಣುತ್ತದೆ. ಯಾವುದೇ ಒಂದು ಗೆಲಾಕ್ಸಿಯನ್ನು ಹಿಡಿದು ಇದು ಉಬ್ಬರದ ಪುರಾವೆ ಎನ್ನುವುದಕ್ಕಿಂತ, ಮಸುಕಾದವುಗಳನ್ನೂ ಸೇರಿಸಿದ ಇಡೀ ಗುಂಪಿನ ಹಂಚಿಕೆಯನ್ನು ನಂಬುವುದು ಲೇಸು ಎಂದು ನಾನು ಭಾವಿಸುವುದು ಇದಕ್ಕೇ.

ಇಳಿತದಲ್ಲಿರುವವು ಸಿಗತೊಡಗಿವೆ. ಜೇಡ್ಸ್-ಜಿಎಸ್-ಝಡ್7-01-ಕ್ಯೂಯು ಎಂಬ ಗೆಲಾಕ್ಸಿ ಕೆಂಪುಪಲ್ಲಟ 7.3ರದ್ದು, ಮಹಾಸ್ಫೋಟದ ಸುಮಾರು 70 ಕೋಟಿ ವರ್ಷಗಳ ನಂತರದ್ದು. ತೋಬಿಯಾಸ್ ಲೂಸರ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅದರ ರೋಹಿತದಲ್ಲಿ ಹೊಮ್ಮುವ ಗೆರೆಗಳೇ ಇಲ್ಲ. ಅವರ ಲೆಕ್ಕದಂತೆ ಅಲ್ಲಿ ನಕ್ಷತ್ರಗಳು ಮೂರರಿಂದ ಒಂಬತ್ತು ಕೋಟಿ ವರ್ಷ ಭರದಿಂದ ಹುಟ್ಟಿ, ನಾವು ಕಾಣುವ ಕ್ಷಣಕ್ಕೆ ಒಂದೆರಡು ಕೋಟಿ ವರ್ಷ ಮೊದಲು ಥಟ್ಟನೆ ನಿಂತಿವೆ. ಅತಿನೇರಳೆ ಇನ್ನೂ ಉಳಿದಿದೆ, ಎಚ್-ಬೀಟಾ, ಆಮ್ಲಜನಕ ಎರಡೂ ಆರಿವೆ. ಎರಡು ಗಡಿಯಾರಗಳು ಬೇರೆ ಬೇರೆ ಹೊತ್ತು ತೋರಿಸುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಅದು ಶಾಶ್ವತವಾಗಿ ನಿಂತಿತೋ, ಮತ್ತೆ ಅನಿಲ ಬಂದು ಚೇತರಿಸಿಕೊಂಡಿತೋ ಎಂಬುದು ಆ ಒಂದು ರೋಹಿತದಿಂದ ತಿಳಿಯುವುದಿಲ್ಲ. ಕೆಂಪುಪಲ್ಲಟ 6ರಿಂದ 9ರವರೆಗಿನ ನೂರಾರು ಗೆಲಾಕ್ಸಿಗಳನ್ನು ಪರಿಶೀಲಿಸಿದ ರಯನ್ ಎಂಡ್ಸ್‌ಲಿ ಮತ್ತು ಸಂಗಡಿಗರಿಗೂ ಗೆರೆಗಳ ಪ್ರಖರತೆಯಲ್ಲಿ ವಿಪರೀತ ಹರವು ಕಂಡಿತು. ಗೆರೆ ಮಂಕಾದವುಗಳಲ್ಲಿ ಹಲವು ಇತ್ತೀಚೆಗಷ್ಟೇ ಇಳಿದವು ಎಂದು ಅವರು ಓದಿದರು.

ಆದರೆ ವಾದದ ಕೇಂದ್ರದಲ್ಲಿರುವ ಗೆಲಾಕ್ಸಿಗಳು ಇನ್ನೂ ದೂರದವು. ಕೆಂಪುಪಲ್ಲಟ 7 ದಾಟಿದರೆ ಎಚ್-ಆಲ್ಫಾ 5.3 ಮೈಕ್ರಾನ್ ಮೀರಿ, ನಿಯರ್‌ಸ್ಪೆಕ್‌ನ ಕೈಯಿಂದ ಜಾರುತ್ತದೆ. ಆಮೇಲಿನದಕ್ಕೆ ವೆಬ್‌ನ ಮಿರಿ ಉಪಕರಣವೇ ಗತಿ. ಅದು ಜಿಎಚ್‌ಝಡ್2 ಎಂಬ ಕೆಂಪುಪಲ್ಲಟ 12.3ರ ಗೆಲಾಕ್ಸಿಯಲ್ಲಿ ಎಚ್-ಆಲ್ಫಾವನ್ನು 8.7 ಮೈಕ್ರಾನ್ ಸುಮಾರಿನಲ್ಲಿ ಹಿಡಿದಿದೆ. ಸಾಧನೆ ದೊಡ್ಡದೇ, ಆದರೆ ಇಂಥ ಪ್ರತಿ ಗೆಲಾಕ್ಸಿಗೂ ಗಂಟೆಗಟ್ಟಲೆ ದೂರದರ್ಶಕದ ಸಮಯ ಬೇಕು, ಹಾಗೆ ಸಿಗುವವೂ ಪ್ರಕಾಶಮಾನವಾದವೇ. ಹಂಚಿಕೆಯೊಂದನ್ನು ಬಿಡಿಸಲು ಬೇಕಾದಷ್ಟು ಎಣಿಕೆ ಈ ದಾರಿಯಿಂದ ಬೇಗ ಬರುವಂತೆ ಕಾಣುವುದಿಲ್ಲ.

ಹೆಚ್ಚು ಭರವಸೆ ಇರುವುದು ಬೆಳಕಿನ ಬಣ್ಣಕ್ಕೆ ಸಂಬಂಧವೇ ಇಲ್ಲದ ಒಂದು ಅಳತೆಯ ಮೇಲೆ. ಡಾರ್ಕ್ ಮ್ಯಾಟರ್‌ನ ದೊಡ್ಡ ಗುಡ್ಡೆಗಳು ಆಕಾಶದಲ್ಲಿ ಒತ್ತೊತ್ತಾಗಿರುತ್ತವೆ, ಚಿಕ್ಕವು ಹೆಚ್ಚು ಚೆದುರಿರುತ್ತವೆ. ಆರಂಭದ ಪ್ರಕಾಶಮಾನ ಗೆಲಾಕ್ಸಿಗಳು ದಕ್ಷತೆಯಿಂದ ಬೆಳಗುತ್ತಿದ್ದರೆ ಅವು ದೊಡ್ಡ ಗುಡ್ಡೆಗಳಲ್ಲಿವೆ, ಗುಂಪುಗಟ್ಟಿರಬೇಕು. ಉಬ್ಬರದಿಂದ ಬೆಳಗುತ್ತಿರುವ ಚಿಕ್ಕವಾದರೆ ಅಷ್ಟಾಗಿ ಗುಂಪುಗಟ್ಟಿರುವುದಿಲ್ಲ. ಧೂಳು, ಸೋರಿಕೆ, ನಕ್ಷತ್ರಗಳ ಹಂಚಿಕೆ ಯಾವುದೂ ಈ ಜಾಗದ ಲೆಕ್ಕವನ್ನು ನೇರವಾಗಿ ಕೆಡಿಸುವುದಿಲ್ಲ. ತೊಂದರೆ ಒಂದೇ: ವೆಬ್ ನೋಡುವ ಆಕಾಶದ ತುಣುಕುಗಳು ತೀರ ಚಿಕ್ಕವು, ಅಲ್ಲಿ ಸಿಗುವ ಗೆಲಾಕ್ಸಿಗಳೂ ಬೆರಳೆಣಿಕೆಯವು. ನಾಸಾ ಸಿದ್ಧಪಡಿಸಿರುವ ರೋಮನ್ ದೂರದರ್ಶಕದ ದೃಷ್ಟಿಕ್ಷೇತ್ರ ಹಬಲ್‌ನ ಕನಿಷ್ಠ ನೂರು ಪಟ್ಟು. ಅದರ ಕ್ಯಾಮೆರಾ 2.3 ಮೈಕ್ರಾನ್‌ವರೆಗೆ ನೋಡುವುದರಿಂದ ಕೆಂಪುಪಲ್ಲಟ 12ರ ಆಚೀಚಿನ ಪ್ರಕಾಶಮಾನ ಗೆಲಾಕ್ಸಿಗಳನ್ನು ವಿಶಾಲ ಆಕಾಶದಲ್ಲಿ ಹೆಕ್ಕಬಲ್ಲದು. ಸೀರ್ಸ್-93316ರಂಥ ವೇಷಧಾರಿಗಳನ್ನು ಬೇರ್ಪಡಿಸಲು ಅವುಗಳಲ್ಲಿ ಸಾಕಷ್ಟು ಸಂಖ್ಯೆಗೆ ವೆಬ್‌ನಿಂದಲೇ ರೋಹಿತ ತೆಗೆಯಬೇಕಾಗುತ್ತದೆ.